ಸಿಟ್ಟಿನ ವಹಿ

ನಾನು ಕೆಲಸ ಬಿಟ್ಟ ಮೇಲೆ ನಮ್ಮ ಹಳೆಯ ಆಫೀಸಿಗೆ ಇಬ್ಬರು ಹೊಸಬರು ಸೇರಿದ್ದಾರೆ. ಓದಿದವರು, ಚುರುಕಿನವರು. ಒಂದು ದಿನ ಸಂತೆಗೆ ಹೋದವಳು ಅತ್ತ ಹಣಿಕಿದೆ. "ಮೇಡಂ, ಯಾರಿಗೆ ಎಂಥಾ ಟ್ರಿಪ್ ಸೇರ್ತೈತಿ ಅಂತ ನಿಮಗ ಹೆಂಗ ಗೊತ್ತಾಗ್ತಿತ್ತು?" ಎಂದು ಕೇಳಿದರು. "ಗೊತ್ತಾಗ್ತಿರಲಿಲ್ಲ" ಅಂದೆ. ಇಬ್ಬರೂ ನಕ್ಕರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ತಮಾಷೆಯಲ್ಲ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯಲು ಕೂತೆ.

ಆಫೀಸು ಅನ್ನುವುದು ದೊಡ್ಡ ಮಾತಾಯಿತು. ಗಂಗಾವತಿ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಒಂದು ಮಳಿಗೆ, ಎರಡು ಮೇಜು, ಒಂದು ಉದ್ದನೆಯ ಬೆಂಚು, ಗೋಡೆಗೆ ಒಂದು ನಕ್ಷೆ. ಮಾಲೀಕರು ಖಾದರ್‌ಸಾಹೇಬರು. ಮೊದಲು ಬಾಡಿಗೆ ಕಾರು ಓಡಿಸುತ್ತಿದ್ದವರು, ಆಮೇಲೆ ಮೂರು ಕಾರು ಇಟ್ಟು ಪ್ರವಾಸ ಹೊಂದಿಸಿ ಕೊಡುವ ಕೆಲಸಕ್ಕೆ ಇಳಿದರು. ನಾನು ಟಿಕೆಟ್ ಫಾರಂ ತುಂಬುವುದಕ್ಕೆ ಸೇರಿದವಳು. ಯಾರು ಎಲ್ಲಿಗೆ ಹೋಗಬೇಕು, ಎಲ್ಲಿ ಇಳಿಯಬೇಕು, ಏನು ನೋಡಬೇಕು ಎಂದು ಹೊಂದಿಸುವ ಕೆಲಸ ನನ್ನ ಕೊರಳಿಗೆ ಯಾವಾಗ ಬಿತ್ತೋ ನನಗೇ ನೆನಪಿಲ್ಲ. ಸಂಬಳ ಏರಿದ್ದು, ಕುರ್ಚಿ ಬದಲಾದದ್ದು ಎಲ್ಲ ಇಲ್ಲಿ ಬೇಡ. ಅವೆಲ್ಲ ಎಲ್ಲರಿಗೂ ಆಗುವಂಥವೇ.

ಸಾಹೇಬರು ಬಾಯಿ ಜೋರಿನ ಮನುಷ್ಯ. ಒಳಗೆ ಬರೀ ಬೆಣ್ಣೆ. ಅವರದೊಂದು ಪದ್ಧತಿ ಇತ್ತು. ಪ್ರವಾಸ ಮುಗಿಸಿದವರು ಮೊದಲು ಆಫೀಸಿಗೆ ಬಂದು, ಚಹಾ ಕುಡಿದು, ಆಮೇಲೆ ಮನೆಗೆ ಹೋಗಬೇಕು. ಗಾಡಿ ಬರುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿರಬೇಕು.

"ಶಕುಂತಲಾಬಾಯಿ, ಮಂದಿ ಮಾರಿ ನೋಡಬ್ಯಾಡ್ರಿ. ಮಾರಿ ಮರ್ಯಾದಿಗೆ ನಗ್ತೈತಿ. ಯಾರ ಬ್ಯಾಗ್ ಯಾರು ಹಿಡಕೊಂಡು ಇಳೀತಾರ, ಅದನ್ನ ನೋಡ್ರಿ."

ಮೊದಮೊದಲು ನನಗೆ ಇದು ಹುಚ್ಚಾಟ ಅನ್ನಿಸಿತ್ತು. ಆದರೆ ಮಾತು ಖರೆ. ಗಂಡನ ಬ್ಯಾಗು ಹೆಂಡತಿಯ ಕೈಯಲ್ಲಿ, ಅತ್ತೆಯ ಚೀಲ ಸೊಸೆಯ ಹೆಗಲಲ್ಲಿ, ಗೆಳೆಯರ ಸಾಮಾನು ಒಂದರೊಳಗೊಂದು ಕಲೆತು ಹೋಗಿದ್ದರೆ ಪ್ರವಾಸ ಛಲೋ ಆಗಿದೆ ಎಂದರ್ಥ. ಅವರವರ ಬ್ಯಾಗು ಅವರವರೇ ಎದೆಗವಚಿಕೊಂಡು ಇಳಿದರೆ ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿಸುತ್ತಿದ್ದೆವು.

ನನ್ನ ಮೊದಲ ದೊಡ್ಡ ಎಡವಟ್ಟು ಸಿದ್ದಾಪುರದವರ ಪ್ರವಾಸ. ಆನೆಗುಂದಿ ಕಡೆ ತಿರುಗಾಡಲು ದೊಡ್ಡ ಊರುಗಳಿಂದ ಬರುವವರಿಗೆ ಭತ್ತದ ಗದ್ದೆ ಕಂಡರೆ ಪ್ರಾಣ. ಬದುವಿನ ಮೇಲೆ ನಿಂತು ಕೈ ಚಾಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ನೋಡಿ ನೋಡಿ ನನ್ನ ತಲೆಯಲ್ಲಿ ಒಂದು ಗಟ್ಟಿಯಾಗಿ ಕೂತಿತ್ತು: ಜನಕ್ಕೆ ಗದ್ದೆ ಇಷ್ಟ. ಹೀಗಿರುವಾಗ ಇಲ್ಲೇ ಹತ್ತಿರದ ಸಿದ್ದಾಪುರದ ಸುಬ್ಬಾರಾವ್ ಎನ್ನುವ ರೈತರು ತಮ್ಮ ತಮ್ಮಂದಿರನ್ನೂ ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ಬಂದು, "ಎಲ್ಲಾದ್ರೂ ತಂಪಾಗಿರೋ ಕಡಿಗೆ ಕಳಿಸಮ್ಮಾ" ಅಂದರು. ಕಾಲುವೆ ನೀರಿನ ಸೀಮೆಯವರು, ಮನೆಮಾತು ತೆಲುಗು, ಹುಟ್ಟಿನಿಂದ ಕೆಸರಲ್ಲಿ ಕಾಲಿಟ್ಟವರು. ನಾನು ಹಿಂದೆಮುಂದೆ ಯೋಚಿಸದೆ ಕರಾವಳಿಯ ಕಡೆ ಗದ್ದೆಯ ನಡುವೆ ಇದ್ದ ಒಂದು ಅತಿಥಿಗೃಹಕ್ಕೆ ಕಳಿಸಿಬಿಟ್ಟೆ. ನಾಲ್ಕೂ ದಿಕ್ಕಿಗೆ ಕಿಟಕಿ, ಕಣ್ಣು ಹಾಯುವಷ್ಟು ಹಸಿರು!

ವಾಪಸು ಬಂದ ಸುಬ್ಬಾರಾವ್ ಬೆಂಚಿನ ಮೇಲೆ ಕೂತು ಚಹಾ ಕೈಗೆ ತೆಗೆದುಕೊಂಡರು, ಕುಡಿಯಲಿಲ್ಲ.

"ಏನಮ್ಮಾ ನೀನು! ಕಿಟಕಿ ತೆಗೆದ್ರ ವರಿ, ಬಾಗಿಲು ತೆಗೆದ್ರ ವರಿ. ಅದೇ ಭತ್ತ ನೋಡಾಕ ಅಷ್ಟು ದೂರ ಕಳಿಸಿದೆಲ್ಲಾ! ಎರಡನೇ ದಿನ ನನ್ನ ತಮ್ಮ ತಡಕೊಳ್ಳಲಿಲ್ಲ. ಆ ಮನಿಯವರು ನೀರು ಕಟ್ಟೂದು ಸರಿ ಇಲ್ಲಾ ಅಂತ ಪಂಚೆ ಎತ್ತಿ ಇಳಿದೇ ಬಿಟ್ಟ. ಮೂರನೇ ದಿನ ನಾನೂ ಇಳಿದೆ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ನನಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತು ನಾನು ಕಲಿತ ಪಾಠ: ದಿನಾ ನೋಡುವುದನ್ನು ಯಾರಿಗೂ ಪ್ರವಾಸದಲ್ಲಿ ತೋರಿಸಬೇಡ. ಎಷ್ಟು ಚಂದದ ಪಾಠ ನೋಡಿ! ಅದೂ ತಪ್ಪೇ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಸುಬ್ಬಾರಾವ್ ಬೈದದ್ದರಿಂದ ಒಂದು ಒಳ್ಳೆಯದಂತೂ ಆಯಿತು. ನಿಮಗೆ ಏನು ಇಷ್ಟ ಎಂದು ಹೋಗುವ ಮುಂಚೆ ಕೇಳಿದ್ದಾಗ "ತಂಪಾಗಿರೋ ಕಡಿಗೆ" ಎಂಬ ಎರಡೇ ಮಾತು ಹೇಳಿದ್ದ ಮನುಷ್ಯ, ಸಿಟ್ಟು ಬಂದ ಮೇಲೆ ಅರ್ಧ ತಾಸು ಬಿಡದೆ ಹೇಳಿದರು. ಸೊಳ್ಳೆ, ಸಪ್ಪನೆಯ ಸಾರು, ಹರಟೆಗೆ ಕಟ್ಟೆ ಇಲ್ಲದ್ದು, ಎಲ್ಲ. ಮಂದಿಗೆ ತಮ್ಮ ಇಷ್ಟ ಹೇಳಲು ಬರುವುದಿಲ್ಲ. ಬಂದರೂ ನಾಚಿಕೊಳ್ಳುತ್ತಾರೆ. ಆದರೆ ಎಲ್ಲಿ ಸಿಟ್ಟು ಬಂತು ಎಂದು ಕೇಳಿ ನೋಡಿ, ಊರು, ತಾರೀಖು, ಹೋಟೆಲಿನ ಬಾಗಿಲ ಬಣ್ಣ ಸಮೇತ ಹೇಳುತ್ತಾರೆ.

ಮಾರನೆಯ ದಿನ ಕೆಂಪು ಬಟ್ಟೆಯ ರಟ್ಟಿನ ಒಂದು ವಹಿ ತಂದೆ. ಅಂದಿನಿಂದ ಯಾರೇ ಬರಲಿ, ನನ್ನ ಮೊದಲ ಪ್ರಶ್ನೆ ಒಂದೇ. "ಈ ಹಿಂದ ಎಲ್ಲಿಗೆ ಹೋಗಿ ಸಿಟ್ಟಾಗಿ ಬಂದೀರಿ?" ಸಾಹೇಬರು ಆ ವಹಿಗೆ 'ಗುಸ್ಸೇಕಿ ಕಿತಾಬ್' ಎಂದು ಹೆಸರಿಟ್ಟರು. ನಾವೆಲ್ಲ ಸಿಟ್ಟಿನ ವಹಿ ಅನ್ನುತ್ತಿದ್ದೆವು.

ಅದರಲ್ಲಿ ಏನೇನಿತ್ತು ಅಂತೀರಿ! ಕುಷ್ಟಗಿಯ ಒಬ್ಬ ಬಟ್ಟೆ ವ್ಯಾಪಾರಿ ಬರೆಸಿದ್ದು: "ಮೂರು ದಿನಾ ಬರೀ ಕ್ವಾಟಿ ಕೊತ್ತಲಾ ತೋರ್ಸಿದ್ರು. ಒಂದು ಸೀರಿ ಅಂಗಡಿಯಾಗ ಕಾಲಿಡಾಕ ಬಿಡಲಿಲ್ಲ." ಅವರನ್ನು ರೇಷ್ಮೆ ನೇಯುವ ಊರಿಗೆ ಕಳಿಸಿದೆ. ಮಗ್ಗದ ಮುಂದೆ ಕೂತವರು ಊಟಕ್ಕೂ ಏಳಲಿಲ್ಲವಂತೆ. ಯಲಬುರ್ಗಾದ ಗಣಿತದ ಮಾಸ್ತರರು: "ಎಲ್ಲಾರೂ ಫೋಟೊ ತಕ್ಕೊಳ್ಳಾಕ ಹ್ವಾದ್ರು, ನಾ ಚಪ್ಪಲಿ ಕಾದೆ." ಅವರಿಗೆ ಒಬ್ಬರೇ ಹೋಗಲು ರೈಲಿನ ಪ್ರವಾಸ ಹೊಂದಿಸಿದೆ. ಅವರಿಗೆ ಬೇಕಿದ್ದದ್ದು ಕಿಟಕಿಯ ಪಕ್ಕದ ಸೀಟು ಮತ್ತು ಮಾತಾಡದ ಜನ, ಅಷ್ಟೇ. ಕನಕಗಿರಿ ಸಂತೆಯಲ್ಲಿ ಬಳೆ ಮಾರುವ ಫಾತಿಮಾಬಿ: "ಗುಡ್ಡದ ಮ್ಯಾಲ ಬಂಗ್ಲೆ, ಸುತ್ತ ಒಂದು ನರಪಿಳ್ಳಿ ಇಲ್ಲ. ನನಗ ಎದಿ ಒಡದಂಗ ಆತು." ಅವರನ್ನು ಹೈದರಾಬಾದಿನ ಬಳೆ ಬಜಾರಿನ ನಡುವೆಯೇ ಇಳಿಸಿದೆ. ಬೆಳಗಿನಿಂದ ಸಂಜೆಯ ತನಕ ಗದ್ದಲ ಕೇಳಿಕೊಂಡು ನೆಮ್ಮದಿಯಾಗಿ ಇದ್ದು ಬಂದರು.

ಕೆಲಸದ ರೀತಿ ಕಣ್ಣ ಮುಂದೆಯೇ ಬದಲಾಯಿತು. ಮೊದಲು ಹೋಟೆಲಿಗೆ ಕಾಗದ ಬರೆದು ಉತ್ತರ ಕಾಯಬೇಕಿತ್ತು. ಆಮೇಲೆ ಎಸ್‌ಟಿಡಿ ಬೂತಿನಲ್ಲಿ ಪಾಳಿ. ಈಗ ಎಲ್ಲ ಮೊಬೈಲಿನಲ್ಲಿ, ಕೂತಲ್ಲಿಯೇ ಕೋಣೆಯ ಹಾಸಿಗೆ ಕೂಡ ಕಾಣುತ್ತದೆ. ಭಾಳ ಅನುಕೂಲ, ನಾನೇನೂ ಹಳಹಳಿಸುವುದಿಲ್ಲ. ಆದರೆ ನಿಮ್ಮ ಇಷ್ಟ ತಿಳಿಸಿ ಎಂದು ಮೊಬೈಲಿನಲ್ಲಿ ಒಂದು ಫಾರಂ ಬರುತ್ತದಲ್ಲ, ಅದನ್ನು ಮಾತ್ರ ನಂಬಬೇಡಿ. ಅದರಲ್ಲಿ ಎಲ್ಲರೂ 'ಸಾಹಸ' ಎನ್ನುವುದಕ್ಕೆ ಗುರುತು ಹಾಕುತ್ತಾರೆ. ಅದೇ ಮಂದಿ ಫೋನ್ ಮಾಡಿ ಕೆಳಗಿನ ಮಹಡಿಯಲ್ಲೇ ರೂಮು ಬೇಕು, ಮೆಟ್ಟಿಲು ಆಗುವುದಿಲ್ಲ ಅನ್ನುತ್ತಾರೆ.

ಇಷ್ಟೆಲ್ಲ ಗೊತ್ತಿದ್ದ ನಾನು ವೀರಭದ್ರಪ್ಪನವರ ಪ್ರವಾಸದಲ್ಲಿ ಮುಗ್ಗರಿಸಿದೆ.

ವೀರಭದ್ರಪ್ಪನವರು ಮುನಿರಾಬಾದಿನವರು. ಮೂವತ್ತೆಂಟು ವರ್ಷ ಅಣೆಕಟ್ಟಿನ ಗೇಟು ಏರಿಸಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ಗೌರಮ್ಮನವರನ್ನು ಕರೆದುಕೊಂಡು ಆಫೀಸಿಗೆ ಬಂದರು. ಕೈಯಲ್ಲಿ ತಾವೇ ಗೆರೆ ಹಾಕಿ ಬರೆದ ವೇಳಾಪಟ್ಟಿ. ಐದೂ ಹತ್ತಕ್ಕೆ ಏಳುವುದು, ಐದೂ ಇಪ್ಪತ್ತೈದಕ್ಕೆ ಚಹಾ. ಗೌರಮ್ಮನವರು ಬೆಂಚಿನ ತುದಿಯಲ್ಲಿ, ಈ ಮನುಷ್ಯನಿಗೂ ತಮಗೂ ಸಂಬಂಧವೇ ಇಲ್ಲ ಎಂಬಂತೆ ಗೋಡೆಯ ನಕ್ಷೆ ನೋಡುತ್ತ ಕೂತರು.

ನಾನು ವಹಿ ತೆರೆದೆ. ವೀರಭದ್ರಪ್ಪನವರು ಕೂಡಲೇ ಹೇಳಿದರು. "ಯಾತ್ರಾ ಬಸ್ಸಿನಾಗ ಹೋಗಿದ್ವಿರಿ. ಬಸ್ಸು ಒಂದು ಡ್ಯಾಂ ಬಾಜೂಕ ಹಾದು ಹೋತು. ಗೇಟು ತೆಗದಿದ್ರು, ನೀರು ಧುಮುಕಾಕತ್ತಿತ್ತು. ನಿಲ್ಲಸ್ರೋ ಅಂದ್ರ ಡ್ರೈವರ ನಿಲ್ಲಸಲಿಲ್ಲ. ಅವತ್ತಿಂದು ಸಿಟ್ಟು ಇನ್ನೂ ಇಳಿದಿಲ್ರಿ."

"ಅಕ್ಕಾರ, ನಿಮಗ?"

"ನನಗ ಇವ್ರ ಜೋಡಿ ಹೋದ ಕಡಿ ಎಲ್ಲಾ" ಎಂದರು ಗೌರಮ್ಮ. "ಇವ್ರಿಗೆ ಎಲ್ಲಿ ಹ್ವಾದ್ರೂ ಡ್ಯೂಟಿ. ಕುಂದ್ರಾಕ ಬಿಡಂಗಿಲ್ಲ. ಎದ್ದೇಳು, ನಡಿ, ಟೈಮಾತು!"

ಇಲ್ಲಿ ನಾನೊಂದು ಮಾತು ಆಡಿದೆ. ಆ ಮಾತನ್ನು ನೀವು ಯಾರೂ ಯಾವತ್ತೂ ಆಡಬೇಡಿ. "ಅಡಿಗಿ ಮಾಡಿ ಮಾಡಿ ಸಾಕಾಗಿರಬೇಕಲ್ರಿ ಅಕ್ಕಾರ? ಈ ಸಲ ನಾಕು ದಿನಾ ನೀವು ಒಲಿ ಮುಖಾ ನೋಡಬ್ಯಾಡ್ರಿ" ಅಂದೆ. ರೊಟ್ಟಿ ಬಡಿಯುವುದೆಂದರೆ ನನಗೆ ಮೊದಲಿನಿಂದಲೂ ಆಗದು. ನನ್ನ ಬೇಸರವನ್ನು ತೆಗೆದು ಅವರ ಬಾಯಿಗೆ ಇಟ್ಟೆ. ಅವರು ಮರ್ಯಾದೆಗೆ ತಲೆಯಾಡಿಸಿದರು. ನಾನು ಬರೆದುಕೊಂಡೆ.

ಹೋಗುವಾಗ ವೀರಭದ್ರಪ್ಪನವರು ಮೆಟ್ಟಿಲ ಹತ್ತಿರ ನಿಂತು ದನಿ ಇಳಿಸಿದರು. "ಮೇಡಂ, ಮಳಿಗಾಲದಾಗ ನೀರು, ಬ್ಯಾಸಿಗ್ಯಾಗ ಗೇಟ್ ರಿಪೇರಿ. ರಜಾ ಅನ್ನೂದು ಕಂಡಿಲ್ಲ. ರಿಟೈರ್ ಆದಮ್ಯಾಲ ಎಲ್ಲಾ ತೋರಸ್ತೀನಿ ಅಂತ ಆಕಿಗೆ ಮಾತು ಕೊಟ್ಟಿದ್ದೆ. ಆ ಯಾತ್ರಾ ಬಸ್ಸಿನಾಗಿಂದ ಆಕಿ ಅರ್ಧ ದಾರಿಗೆ ಇಳದು ಮನಿಗೆ ಬಂದುಬಿಟ್ಲು. ಇದೂ ಕೆಟ್ರ ಇನ್ನ ಹೊಸ್ತಿಲಾ ದಾಟಂಗಿಲ್ಲ. ಒಬ್ನ ಹೋಗಾಕ ನೋಡಿದೆ, ಆಗಲಿಲ್ರಿ. ಏನರ ಚಂದ ಕಂಡ್ರ ಯಾರಿಗೆ ಹೇಳೂದು?"

ಗೇಟು ಏರಿಸಿದ ಆ ದಪ್ಪ ಕೈ ನನ್ನ ಮೇಜಿನ ಅಂಚು ಹಿಡಿದುಕೊಂಡದ್ದು ಇಂದಿಗೂ ಕಣ್ಣ ಮುಂದಿದೆ. ಸರಿ ಮಾಡಿ ಕೊಡುತ್ತೇನೆ ಎಂದು ಮಾತು ಕೊಟ್ಟೆ.

ಕರಾವಳಿಗೆ ನಾಲ್ಕು ದಿನ. ಸಮುದ್ರ, ದೇವಸ್ಥಾನ, ಯಕ್ಷಗಾನ. ಅವಸರವಿಲ್ಲದಂತೆ ದಿನಕ್ಕೆ ಎರಡೇ ಜಾಗ. ಮೂರೂ ಹೊತ್ತು ಹೋಟೆಲಿನಲ್ಲಿ ಊಟ, ಮೊದಲೇ ಹೇಳಿ ಇರಿಸಿದ್ದು. ಅಣೆಕಟ್ಟು ಒಂದೂ ಇಲ್ಲ. ಮೂವತ್ತೆಂಟು ವರ್ಷ ಅಣೆಕಟ್ಟು ನೋಡಿದವರಿಗೆ ಅಣೆಕಟ್ಟು ತೋರಿಸಲು ನಾನೇನು ಹುಚ್ಚಿಯೇ? ಸಿದ್ದಾಪುರದ ಪಾಠ ನನಗೆ ಚೆನ್ನಾಗಿ ನೆನಪಿತ್ತು!

ಐದನೆಯ ದಿನ ಗಾಡಿ ಆಫೀಸಿನ ಮುಂದೆ ನಿಂತಿತು. ಇಳಿದದ್ದು ವೀರಭದ್ರಪ್ಪ ಒಬ್ಬರೇ, ಬರಿಗೈಯಲ್ಲಿ.

"ಅಕ್ಕಾರ ಎಲ್ರಿ?"

"ಮನಿ ಮುಂದ ಇಳಿದ್ಲು. ಬುತ್ತಿ ಬ್ಯಾಗ್ ತಾನ ಹೊತಗೊಂಡು ಹ್ವಾದ್ಲು, ನನಗ ಮುಟ್ಟಾಕ ಕೊಡಲಿಲ್ಲ. ಇನ್ನ ಎಲ್ಲೂ ಬರಂಗಿಲ್ಲ ಅಂದ್ಲು. ಜಗಳ ಮಾಡಿದ್ರ ಛಲೋ ಇತ್ತು. ಸಣ್ಣ ದನಿಲೆ ಅಂದ್ಲು."

ಎಂದಿನ ಚಹಾ ತಂದಿಟ್ಟರು. ಅವರು ಗುಟುಕೂ ಕುಡಿಯದೆ ಎದ್ದು ಹೋದರು. ಸಾಹೇಬರು ಅವತ್ತು ಬಾಯಿ ಮಾಡಲಿಲ್ಲ. "ಮಾತು ಕೊಟ್ಟವರು ನೀವು. ಹೋಗಿ ಬರ್ರಿ" ಅಂದರು, ಅಷ್ಟೇ.

ಮರುದಿನವೇ ಹೊಸಪೇಟೆ ಬಸ್ಸು ಹಿಡಿದು ಮುನಿರಾಬಾದಿನಲ್ಲಿ ಇಳಿದೆ. ವೀರಭದ್ರಪ್ಪನವರು ಮನೆಯಲ್ಲಿ ಇರಲಿಲ್ಲ. ಗೌರಮ್ಮನವರು ಸಿಟ್ಟು ತೋರಿಸಲಿಲ್ಲ, ತಾಟು ಹಾಕಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಕೊನೆಗೆ ಸಿಹಿಗೆ ಮಾದಲಿ. ನಾನು ತಿನ್ನುತ್ತಿದ್ದರೆ ಅವರು ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಮೂರನೆಯ ರೊಟ್ಟಿ ಮುರಿದಾಗ ಅವರ ಮುಖ ಅರಳಿತು. ರೊಟ್ಟಿ ಮಾಡಲು ಸಾಕಾದ ಹೆಂಗಸಿನ ಮುಖವಲ್ಲ ಅದು.

"ಅಕ್ಕಾರ, ಎಲ್ಲಿ ಸಿಟ್ಟು ಬಂತು? ಈ ಸಲ ನೀವ ಹೇಳ್ರಿ, ನಾ ನಡಕ ಬಾಯಿ ಹಾಕಂಗಿಲ್ಲ."

ಅವರು ಮೂಲೆಯಲ್ಲಿದ್ದ ನಾಲ್ಕು ಅಂತಸ್ತಿನ ಸ್ಟೀಲ್ ಡಬ್ಬಿಯನ್ನು ತೋರಿಸಿದರು. "ಇದನ್ನ ನೋಡು ತಂಗಿ. ನೀರು ಬಂದಾಗ ಇವ್ರು ಎರಡೆರಡು ದಿನಾ ಗೇಟ್ ಬಿಟ್ಟು ಬರ್ತಿರಲಿಲ್ಲ. ನಾ ಇದರಾಗ ಬುತ್ತಿ ಕಟ್ಟಿ ಕಳಿಸ್ತಿದ್ದೆ. ಇವ್ರೊಬ್ರಿಗೆ ಅಲ್ಲ, ಡ್ಯೂಟಿ ಮ್ಯಾಲ ಇದ್ದೋರಿಗೆಲ್ಲಾ. ಡಬ್ಬಿ ಖಾಲಿ ಬಂತಂದ್ರ ಮ್ಯಾಲ ಎಲ್ಲಾರೂ ಅರಾಮ ಅದಾರ ಅಂತ ನನಗ ತಿಳೀತಿತ್ತು. ಅಷ್ಟು ವರ್ಷದಾಗ ಒಂದಿನಾನೂ ತುಂಬಿದ ಡಬ್ಬಿ ವಾಪಸ್ ಬಂದಿಲ್ಲ. ನಿನ್ನ ಟ್ರಿಪ್ಪಿನಾಗ ಬಂತು."

ಮನೆಯಿಂದ ಹೊರಡುವಾಗ ಅವರು ಎಂದಿನಂತೆ ಬುತ್ತಿ ಕಟ್ಟಿದ್ದರು. ನಮ್ಮ ಸೀಮೆಯಲ್ಲಿ ಬುತ್ತಿಯಿಲ್ಲದೆ ಯಾರು ದೂರದ ಊರಿಗೆ ಹೊರಡುತ್ತಾರೆ? ಅದನ್ನು ಬಿಚ್ಚಲು ನಾನು ನಾಲ್ಕು ದಿನದಲ್ಲಿ ಒಂದು ಹೊತ್ತನ್ನೂ ಉಳಿಸಿರಲಿಲ್ಲ. ಹೇಳಿ ಇರಿಸಿದ ಊಟ ಬಿಡಬಾರದು ಎಂದು ವೀರಭದ್ರಪ್ಪನವರು ಗಡಿಯಾರ ನೋಡಿ ಹೋಟೆಲಿಗೆ ನಡೆದಿದ್ದಾರೆ. ಡಬ್ಬಿ ಸಮುದ್ರ ನೋಡಿಕೊಂಡು, ದೇವರಿಗೆ ಕೈ ಮುಗಿದುಕೊಂಡು, ಮುಚ್ಚಿದ ಹಾಗೆಯೇ ಮನೆಗೆ ಬಂದಿದೆ.

ಬಸ್ಸಿನಲ್ಲಿ ಗಂಗಾವತಿಗೆ ಬರುವಾಗ ಸಿಟ್ಟಿನ ವಹಿಯನ್ನು ಹಿಂದಿನಿಂದ ಮುಂದಕ್ಕೆ ತಿರುವಿದೆ. ಬಟ್ಟೆ ವ್ಯಾಪಾರಿ ಸೀರೆ ಅಂಗಡಿಯನ್ನೇ ಕೇಳಿದ್ದರು. ಬಳೆ ಮಾರುವಾಕೆ ಬಳೆ ಬಜಾರಿನಲ್ಲೇ ನೆಮ್ಮದಿಯಾಗಿದ್ದರು. ಮೊದಲ ಪುಟದಲ್ಲಿ ಸುಬ್ಬಾರಾವ್. "ಮೂರನೇ ದಿನ ನಾನೂ ಇಳಿದೆ." ಆ ಮಾತು ಹೇಳುವಾಗ ಅವರು ನಕ್ಕಿದ್ದರು! ಸೊಳ್ಳೆಗೆ ಸಿಟ್ಟಾಗಿದ್ದರು, ಸಾರಿಗೆ ಸಿಟ್ಟಾಗಿದ್ದರು, ಆದರೆ ಮಂದಿಯ ಗದ್ದೆಗೆ ಇಳಿದದ್ದನ್ನು ಹೇಳುವಾಗ ನಕ್ಕಿದ್ದರು. ಇಪ್ಪತ್ತು ವರ್ಷ ನಾನು ಆ ನಗುವನ್ನು ಓದಿರಲಿಲ್ಲ. ಮನುಷ್ಯ ತನ್ನ ಕೆಲಸವನ್ನು ಮನೆಯಲ್ಲಿ ಬಿಟ್ಟು ಪ್ರವಾಸ ಹೋಗುವುದಿಲ್ಲ. ಅದೇ ಕೆಲಸವನ್ನು ಬೇರೆ ಊರಿನವರು ಹೇಗೆ ಮಾಡುತ್ತಾರೆ ಎಂದು ನೋಡಲು ಅವನ ಜೀವ ತುಡಿಯುತ್ತಿರುತ್ತದೆ. ವೀರಭದ್ರಪ್ಪನವರಂತೂ ಮೊದಲ ದಿನವೇ ನನ್ನೆದುರು ಡ್ಯಾಂ ಡ್ಯಾಂ ಎಂದು ಬಡಿದುಕೊಂಡಿದ್ದರು.

ಹೊಸ ಪ್ರವಾಸ ಹೊಂದಿಸಿದೆ. ಕಾವೇರಿ ಸೀಮೆಯ ಕಡೆ ಮೂರು ಊರು, ಮೂರು ಅಣೆಕಟ್ಟು. ಹೋಟೆಲಿನವರಿಗೆ ಫೋನ್ ಮಾಡಿ, "ಅಣೆಕಟ್ಟಿನ ಹತ್ತಿರ ಕೂತು ಉಣ್ಣಲು ಮರದ ನೆರಳಿದೆಯೇ?" ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಇಂಥ ಪ್ರಶ್ನೆ ನಮಗೆ ಯಾರೂ ಕೇಳಿಲ್ಲ ಎಂದು ಅವರು ನಕ್ಕರು. ಮಧ್ಯಾಹ್ನದ ಊಟ ಎಲ್ಲಿಯೂ ಹೇಳಲಿಲ್ಲ. ವೇಳಾಪಟ್ಟಿಯಲ್ಲಿ ಹನ್ನೆರಡರಿಂದ ಮೂರರವರೆಗೆ 'ಬುತ್ತಿ' ಎಂದಷ್ಟೇ ಬರೆದೆ. ಬರೆದದ್ದನ್ನು ವೀರಭದ್ರಪ್ಪ ಮೀರುವವರಲ್ಲ, ಅದೊಂದು ಧೈರ್ಯ.

ಗೌರಮ್ಮನವರು ಒಪ್ಪಲು ಹದಿನೈದು ದಿನ ಹಿಡಿಯಿತು. ಕೊನೆಗೆ, "ಇದೊಂದ ಸಲ. ತಂಗಿ ಮೂರು ರೊಟ್ಟಿ ತಿಂದಾಳ, ಅದಕ್ಕ" ಅಂದರಂತೆ.

ಹೊರಟ ಎರಡನೆಯ ದಿನ ಮಧ್ಯಾಹ್ನ ವೀರಭದ್ರಪ್ಪನವರ ಫೋನು ಬಂತು. ಹಿಂದೆ ಜೋರು ಗಾಳಿಯ ಸದ್ದು. "ಮೇಡಂ, ಮುಂದಿನ ಎರಡೂ ಊರು ಕ್ಯಾನ್ಸಲ್ ಮಾಡ್ರಿ." ಯಾಕ್ರಿ ಎನ್ನುವಷ್ಟರಲ್ಲಿ ಫೋನು ನಿಂತಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಮತ್ತೆ ಅರ್ಧ ದಾರಿಗೆ ಇಳಿದುಬಿಟ್ಟರೇ? ಡ್ರೈವರನಿಗೆ ಹಚ್ಚಿದೆ. "ಅರಾಮ ಅದಾರ್ರೀ, ನಾ ಊಟಕ್ಕ ಕುಂತೇನಿ, ಆಮ್ಯಾಲ ಹಚ್ಚತೀನಿ" ಅಂದವನು ಆಮೇಲೆ ಹಚ್ಚಲೇ ಇಲ್ಲ. ನಾನು ಮೂರು ದಿನ ಬಾಗಿಲಿಗೂ ಮೇಜಿಗೂ ಓಡಾಡಿದೆ. "ಗಾಡಿ ಬರಲಿ, ಇಳಿಯೂದು ನೋಡೂಣು" ಎಂದು ಸಾಹೇಬರು ಹೇಳುತ್ತಿದ್ದರು. ಆದರೆ ಅವರೂ ಓಡಾಡುತ್ತಿದ್ದರು.

ಫೋನು ಬಂದ ನಾಲ್ಕನೆಯ ದಿನ ಸಂಜೆ ಗಾಡಿ ಬಂತು. ದಾರಿಯಲ್ಲೇ ಸಿಗುವ ಮುನಿರಾಬಾದಿನಲ್ಲಿ ಇಳಿಯದೆ ಇಬ್ಬರೂ ಗಂಗಾವತಿಯವರೆಗೆ ಬಂದಿದ್ದಾರೆ. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ. ಬಾಗಿಲು ತೆರೆಯಿತು. ಮೊದಲು ಇಳಿದವರು ಗೌರಮ್ಮ, ಕೈಯಲ್ಲಿ ಗಂಡನ ಟೋಪಿ, ಗಂಡನ ಕನ್ನಡಕದ ಡಬ್ಬಿ. ಹಿಂದೆ ವೀರಭದ್ರಪ್ಪ, ಹೆಗಲಿಗೆ ಬುತ್ತಿಯ ಬ್ಯಾಗು. ಸಾಹೇಬರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಗೌರಮ್ಮನವರು ಆ ಸ್ಟೀಲ್ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ಭಾರ ಇತ್ತು. ಭಾರ ಅಂದರೆ ಭಾರ! ಈ ಸಲವೂ ತುಂಬಿಯೇ ಬಂತೇ?

"ತೆಗಿ ತಂಗಿ, ನೋಡು" ಅಂದರು.

ಮೊದಲ ಅಂತಸ್ತಿನಲ್ಲಿ ಕೋಡುಬಳೆ. ಎರಡನೆಯದರಲ್ಲಿ ನಿಪ್ಪಟ್ಟು. ಮೂರನೆಯದರಲ್ಲಿ ಹುರಿಹಿಟ್ಟಿನ ಉಂಡೆ. ನಾಲ್ಕನೆಯದರಲ್ಲಿ ಉಪ್ಪಿನಕಾಯಿ.

ಆಮೇಲೆ ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ಅಡ್ಡ ಬಂದುಕೊಂಡು ಹೇಳಿದರು. ಮೊದಲ ಅಣೆಕಟ್ಟಿನ ಹತ್ತಿರ, ನಾನು ಹುಡುಕಿದ ಮರದ ಕೆಳಗೆ ಬುತ್ತಿ ಬಿಚ್ಚಿದ್ದಾರೆ. ಆ ಅಣೆಕಟ್ಟಿನ ಹೆಸರು ಇಲ್ಲಿ ಬೇಡ, ಅಲ್ಲಿಯವರ ನೌಕರಿಗೆ ತೊಂದರೆಯಾದೀತು. ಪಕ್ಕದಲ್ಲಿ ಡ್ಯೂಟಿ ಮುಗಿಸಿ ಕೂತಿದ್ದ ಒಬ್ಬರು ಅಲ್ಲಿಯ ಗೇಟ್ ಆಪರೇಟರು, ರಂಗಸ್ವಾಮಿ. ಗೌರಮ್ಮನವರು ಅಭ್ಯಾಸದಂತೆ ಅವರ ಮುಂದೆಯೂ ಎರಡು ರೊಟ್ಟಿ ಇಟ್ಟಿದ್ದಾರೆ. "ಅಮ್ಮಾ, ಇಷ್ಟು ದೊಡ್ಡ ಹಪ್ಪಳ ನಾನು ನೋಡೇ ಇಲ್ಲ" ಅಂದರಂತೆ ಅವರು. ಅಲ್ಲಿಂದ ಮಾತು ಹತ್ತಿದೆ. ವೀರಭದ್ರಪ್ಪ ತಮ್ಮ ಗೇಟುಗಳ ಕಥೆ, ಅವರು ತಮ್ಮ ಗೇಟುಗಳ ಕಥೆ. ನಮ್ಮಲ್ಲೇ ಉಳಿಯಿರಿ ಎಂದು ರಂಗಸ್ವಾಮಿ ಹಟ ಹಿಡಿದಾಗಲೇ ಮರದ ಕೆಳಗಿನಿಂದ ನನಗೆ ಆ ಫೋನು ಬಂದದ್ದು. ಸಂಜೆಗೆ ರಂಗಸ್ವಾಮಿ ಇಬ್ಬರನ್ನೂ ಮನೆಗೆ ಎಳೆದೊಯ್ದಿದ್ದಾರೆ. ಅವರ ಹೆಂಡತಿ ಜಯಮ್ಮನೂ ಮಳೆಗಾಲದಲ್ಲಿ ಬುತ್ತಿ ಕಟ್ಟಿ ಕಳಿಸಿ, ಖಾಲಿ ಡಬ್ಬಿ ಬರುವುದನ್ನು ಕಾದು ಕೂತವರೇ. ಇಬ್ಬರು ಹೆಂಗಸರೂ ಮಾತಿಗೆ ಕೂತವರು ಎದ್ದಿಲ್ಲ. ಮೂರು ದಿನ ಅಲ್ಲೇ ಇದ್ದಾರೆ. ಗೌರಮ್ಮನವರು ರೊಟ್ಟಿ ಬಡಿಯುವುದನ್ನು ಕಲಿಸಿದ್ದಾರೆ, ಜಯಮ್ಮ ಮುದ್ದೆ ತಿರುವುವುದನ್ನು. ತಂದ ಬುತ್ತಿಯನ್ನು ಅಲ್ಲಿಯ ಡ್ಯೂಟಿಯವರೆಲ್ಲ ಕೂಡಿ ಖಾಲಿ ಮಾಡಿದ್ದಾರೆ. ಬರುವಾಗ ಖಾಲಿ ಡಬ್ಬಿ ಕೊಡಬಾರದು ಎಂದು ಜಯಮ್ಮ ನಾಲ್ಕೂ ಅಂತಸ್ತು ತುಂಬಿ ಕೊಟ್ಟಿದ್ದಾರೆ.

"ಇವ್ರು ಮೂರು ದಿನಾ ಗಡಿಯಾರಾನ ನೋಡಲಿಲ್ಲ ತಂಗಿ" ಎಂದರು ಗೌರಮ್ಮ. "ಅಲ್ಲೆ ನಾನ ಇವ್ರಿಗೆ, ಎದ್ದೇಳ್ರಿ, ಟೈಮಾತು, ರಂಗಸ್ವಾಮಿ ಡ್ಯೂಟಿಗೆ ಹೊಂಟಾರ, ಜೋಡಿ ಹೋಗ್ರಿ ಅಂತ ಎಬ್ಬಸ್ತಿದ್ದೆ."

ನನ್ನ ಮೂರು ಊರಿನ ಪ್ರವಾಸದಲ್ಲಿ ಉಳಿದದ್ದು ಒಂದು ಮರದ ನೆರಳು. ಉಳಿದದ್ದನ್ನೆಲ್ಲ ಅವರು ತೆಗೆದು ಬಿಸಾಕಿದ್ದರು. ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಸಾಹೇಬರು ಆಗಲೇ ಎರಡನೆಯ ಕೋಡುಬಳೆಗೆ ಕೈ ಹಾಕಿದ್ದರು.

ಅಭ್ಯಾಸಬಲ, ನಾನು ವಹಿ ತೆರೆದೆ. "ಅಕ್ಕಾರ, ಕೇಳೂದು ನನ್ನ ಕೆಲಸ. ಈ ಸಲ ಎಲ್ಲೆರ ಸಿಟ್ಟು ಬಂತೇನ್ರಿ?"

ಗೌರಮ್ಮನವರು ನಗು ನಿಲ್ಲಿಸಿ ಯೋಚಿಸಿದರು. "ಬಂತು. ಒಂದ ಕಡಿ."

ವೀರಭದ್ರಪ್ಪನವರ ಮುಖ ಸಣ್ಣದಾಯಿತು. ಅರ್ಧ ಕುಡಿದ ಚಹಾ ಕೆಳಗಿಟ್ಟರು.

"ಹೊಸಪೇಟಿ ದಾಟಿ ನಮ್ಮ ಡ್ಯಾಂ ಕಾಣ್ತು ನೋಡು, ಆವಾಗ. ಇಷ್ಟ ಲಗೂ ಮನಿ ಬಂತಲ್ಲಾ ಅಂತ ಭಾಳ ಸಿಟ್ಟು ಬಂತು. ಡ್ರೈವರ ಮನಿ ಮುಂದ ನಿಲ್ಲಿಸಿ, ಇಳೀರಿ ಅಂದ. ನಾ ಇಳೀಲಿಲ್ಲ. ಮುಂದಕ್ಕ ಬಿಡಪಾ ಅಂದೆ."